ತುಟಿಯೊಳಗಿನ ಪಾಠ

ತನ್ನೊಡನೆ ತಾನೇ ಮಾತನಾಡಿಕೊಳ್ಳುವವನನ್ನು ಲೋಕವು ಹುಚ್ಚನೆಂದು ನಗುತ್ತದೆ. ಲೆಕ್ಕ ಕೂಡಿಸುವ ಗುಮಾಸ್ತರು, ಸಾರಿಗೆ ಉಪ್ಪು ಹಾಕಿದ್ದಾಯಿತೇ ಎಂದು ಗೊಣಗಿಕೊಳ್ಳುವ ಗೃಹಿಣಿ, ಮಗ್ಗಿ ಒಪ್ಪಿಸುವ ಮುನ್ನ ತುಟಿ ಆಡಿಸುವ ಬಾಲಕ, ಇವರೆಲ್ಲರೂ ಆ ಪ್ರಕಾರ ಹುಚ್ಚರೇ ಸರಿ! ಇಂತಹ ಹುಚ್ಚರು ಗುಂಪಾಗಿ ಕಾಣಸಿಗುವ ಸ್ಥಳವೊಂದುಂಟು. ಅದು ಹೊಸ ಭಾಷೆಯ ತರಗತಿ.

ಜಪಾನೀ ಭಾಷೆಯನ್ನೇ ನೋಡಿ. ‘ಸಮುಯಿ’ ಎಂದರೆ ಚಳಿ, ಚಳಿಯಿಲ್ಲವೆನ್ನಲು ‘ಸಮುಕುನಾಯಿ’. ಕನ್ನಡಿಗರು ಬೆದರಬೇಕಾಗಿಲ್ಲ, ಅಲ್ಲಿಯ ‘ನಾಯಿ’ ಬೊಗಳುವುದಿಲ್ಲ, ‘ಇಲ್ಲ’ವೆನ್ನುತ್ತದೆ ಅಷ್ಟೆ. ‘ಕಿರೇಯಿ’ ಎಂದರೆ ಸುಂದರ. ಇದೂ ಇಕಾರದಲ್ಲಿಯೇ ಮುಗಿದರೂ ಇದರ ಜಾತಿ ಬೇರೆ. ಇದರ ನಿಷೇಧರೂಪ ‘ಕಿರೇಯಿ ಜಾ ನಾಯಿ’. ಹೊಸಬರು ಮುಗ್ಗರಿಸುವುದು ಇಲ್ಲಿಯೇ.

ಅಧ್ಯಾಪಕರು ಮುಂದಿನ ಬೆಂಚಿನವನನ್ನು ಈ ರೂಪ ಕೇಳಿದರೆನ್ನೋಣ. ಅವನು ಸೂರು ನೋಡುತ್ತಿರುವಾಗ ಹಿಂದಿನ ಮೂಲೆಯ ಹುಡುಗಿ, ಯಾರೂ ಕೇಳದಿದ್ದರೂ, ‘ಕಿರೇಕುನಾಯಿ’ ಎಂದು ಪಿಸುಗುಟ್ಟುತ್ತಾಳೆ. ತುಸು ಹೊತ್ತಿನಲ್ಲಿಯೇ ಅಧ್ಯಾಪಕರ ಬಾಯಿಂದ ಸರಿಯಾದ ರೂಪ ಬರುತ್ತದೆ. ಹುಡುಗಿ ನಾಲಿಗೆ ಕಚ್ಚಿಕೊಂಡು ಅದನ್ನೇ ಎರಡು ಬಾರಿ ತುಟಿಯೊಳಗೆ ಹೇಳಿಕೊಳ್ಳುತ್ತಾಳೆ. ತಪ್ಪೂ ಅವಳದೇ, ತಿದ್ದುಪಡಿಯೂ ಅವಳದೇ, ನಾಚಿಕೆಗೆ ಸಾಕ್ಷಿಗಳಿಲ್ಲ. ಆದರೆ ಅಧ್ಯಾಪಕರ ಪುಸ್ತಕದಲ್ಲಿ ಅವಳ ಹೆಸರಿನೆದುರು ‘ಪಾಠದಲ್ಲಿ ಪಾಲ್ಗೊಳ್ಳುವುದಿಲ್ಲ’ ಎಂಬ ಷರಾ ಬಿದ್ದಿರುತ್ತದೆ!

ಈ ಪಿಸುಮಾತಿಗೆ ಕಿವಿಗೊಟ್ಟವರು ಅಮೆರಿಕದ ವಿದುಷಿ ಏಮಿ ಓಹ್ತಾ. ಜಪಾನೀ ಕಲಿಯುತ್ತಿದ್ದ ಏಳು ಮಂದಿ ವಯಸ್ಕರಿಗೆ ಪುಟ್ಟ ಮೈಕುಗಳನ್ನು ತೊಡಿಸಿ, ಕೇಳಿದುದನ್ನು ಅವರು 2001ರಲ್ಲಿ ಗ್ರಂಥವಾಗಿ ಪ್ರಕಟಿಸಿದರು. ಪರರಿಗೆ ಹಾಕಿದ ಪ್ರಶ್ನೆಗೆ ಗುಟ್ಟಾಗಿ ಉತ್ತರ, ಕಿವಿಗೆ ಬಿದ್ದ ಪದದ ಮರುನುಡಿ, ಪದಗಳನ್ನು ಒಡೆದು ಕೂಡಿಸುವ ಆಟ, ಇವೆಲ್ಲ ಅಲ್ಲಿ ಸೆರೆಯಾದವು. ಮೌನವೆಂದು ತೋರಿದುದು ಬರಿಯ ಮೌನವಾಗಿರಲಿಲ್ಲ.

ಮಗುವಿನ ಸ್ವಗತ ಬೆಳೆದಂತೆ ಸತ್ತುಹೋಗುವುದಿಲ್ಲ, ಒಳಗಿಳಿದು ಆಲೋಚನೆಯಾಗುತ್ತದೆಂದು ರಷ್ಯಾದ ವೈಗೋಟ್ಸ್ಕಿ ಪ್ರತಿಪಾದಿಸಿದ್ದರು. ಆ ಗ್ರಂಥ 1934ರಲ್ಲಿ ಅವರ ಮರಣಾನಂತರ ಬೆಳಕು ಕಂಡಿತು. ಕಠಿಣವಾದುದು ಎದುರಾದಾಗ ಒಳಗಿಳಿದ ಮಾತು ಮತ್ತೆ ತುಟಿಗೇರುತ್ತದೆ. ಇಪ್ಪತ್ತು ವರ್ಷದವರೂ ಹೊಸ ಭಾಷೆಯ ಮುಂದೆ ಮಕ್ಕಳೇ ತಾನೆ?

ಆದುದರಿಂದ ‘ಸದ್ದು!’ ಎಂದು ಮೇಜು ಕುಟ್ಟುವ ಮುನ್ನ, ಷರಾ ಬರೆಯುವ ಮುನ್ನ, ಮೇಷ್ಟರು ಹಿಂದಿನ ಬೆಂಚಿನತ್ತ ಒಮ್ಮೆ ಕಿವಿಗೊಡುವುದು ಲೇಸು. ಅಲ್ಲಿ ಹರಟೆಯೇ ನಡೆದಿರಬಹುದು. ಆದರೆ ಒಮ್ಮೊಮ್ಮೆ ಪಾಠವೂ ನಡೆದಿರುತ್ತದೆ.