ಶಾಂತ ಸ್ವಭಾವದವಳು

ಪ್ರಗತಿಪತ್ರದಲ್ಲಿ ‘ಶಾಂತ ಸ್ವಭಾವದವಳು’ ಎಂದು ಎಷ್ಟು ಹುಡುಗಿಯರಿಗೆ ಬರೆದುಕೊಟ್ಟಿದ್ದೇನೋ, ಲೆಕ್ಕವಿಲ್ಲ. ಅವುಗಳಲ್ಲಿ ಒಂದು ಮಾತ್ರ ಈಗಲೂ ನನ್ನನ್ನು ಚುಚ್ಚುತ್ತದೆ.

ಆದಿಲ್‌ಶಾಹಿ ಕಾಲದ ದೊಡ್ಡ ಕೆರೆಯಿರುವ ಮಮದಾಪುರದ ಹುಡುಗಿ ಅವಳು. ಆಗ ಏಳನೆಯ ಇಯತ್ತೆ. ಗಲಾಟೆಯಿಲ್ಲ, ತಂಟೆಯಿಲ್ಲ. ಗೆಳತಿಯರು ನಕ್ಕರೆ ಒಂದು ಗಳಿಗೆ ತಡವಾಗಿ ತಾನೂ ನಗುತ್ತಿದ್ದಳು. ಮಾತಾಡುವಾಗ ಕಣ್ಣನ್ನಲ್ಲ, ನನ್ನ ಹಣೆಯ ಕುಂಕುಮವನ್ನು ನೋಡುತ್ತಿದ್ದಳು. ವಿನಯ ಎಂದುಕೊಂಡೆ.

ಒಂದು ದಿನ ಅವಳ ತಾಯಿ ಬಂದು ಕಣ್ಣೀರು ಹಾಕಿದಳು. “ಅಕ್ಕಾರ, ಸಾಲ್ಯಾಗ ನೀವು ಶಾಣ್ಯಾಕಿ ಅಂತೀರಿ. ಮನಿಗೆ ಬಂದ್ರ ಮೂಲಿ ಹಿಡದು ಕುಂದರತಾಳ್ರಿ. ನಾ ರೊಟ್ಟಿ ಬಡದ್ರ ಕಿವಿ ಮುಚ್ಕೊಂಡು ಚೀರತಾಳ್ರಿ. ನಾಳಿ ಕೊಟ್ಟ ಮನ್ಯಾಗ ಹ್ಯಾಂಗ್ರಿ?”

“ನೀ ಮುದ್ದು ಮಾಡಿ ಕೆಡಿಸೀದಿ ನೋಡವಾ” ಎಂದು ಕಳಿಸಿಬಿಟ್ಟೆ.

ಎರಡು ವರ್ಷದ ಮೇಲೆ ವಿಜಯಪುರದ ವೈದ್ಯರೊಬ್ಬರು ಅದು ಆಟಿಸಂ ಎಂದರು. ಆಮೇಲೆ ನಾನು ಓದತೊಡಗಿದೆ. 1943ರಲ್ಲಿ ಅಮೆರಿಕದಲ್ಲಿದ್ದ ವೈದ್ಯ ಲಿಯೊ ಕ್ಯಾನರ್ ಇದನ್ನು ವಿವರಿಸಿದಾಗ ಅವರು ನೋಡಿದ್ದ 11 ಮಕ್ಕಳಲ್ಲಿ ಹುಡುಗಿಯರು ಮೂವರೇ. ಮುಂದೆಯೂ ಗಂಡುಮಕ್ಕಳ ಲಕ್ಷಣಗಳೇ ಅಳತೆಗೋಲಾದವು. ಎಷ್ಟೋ ಹುಡುಗಿಯರು ಯಾರ ಕಣ್ಣಿಗೂ ಬೀಳಲಿಲ್ಲ. ಇಂಥ ಮಕ್ಕಳ ಮಿದುಳು ಹುಟ್ಟಿನಿಂದಲೇ ಬೇರೆ ರೀತಿಯಲ್ಲಿ ಬೆಳೆಯುತ್ತದೆ, ತಾಯಿ ಸಾಕಿದ ರೀತಿಗೂ ಅದಕ್ಕೂ ಸಂಬಂಧವಿಲ್ಲ. ಅದರಲ್ಲೂ ಅನೇಕ ಹುಡುಗಿಯರು ಬೇರೆಯವರ ನಗು, ಮಾತು, ಹಾವಭಾವ ನೋಡಿ ಕಲಿತು ತಮ್ಮ ತೊಳಲಾಟವನ್ನು ಮುಚ್ಚಿಡುತ್ತಾರೆ. ಇದಕ್ಕೆ ಮಾಸ್ಕಿಂಗ್, ಎಂದರೆ ಮುಖವಾಡ ಹಾಕುವುದು, ಎನ್ನುತ್ತಾರೆ. ದಿನವಿಡೀ ತಡೆದದ್ದು ಮನೆಯ ಹೊಸ್ತಿಲು ದಾಟಿದೊಡನೆ ಒಡೆಯುತ್ತದೆ. ವರ್ಷಗಟ್ಟಲೆ ಹೀಗೇ ನಡೆದರೆ ಆತಂಕ, ಖಿನ್ನತೆ ಬೆನ್ನು ಹತ್ತುತ್ತವೆ. ನಾನು ಮೆಚ್ಚಿದ ಆ ಶಾಂತಿ ಅವಳಿಗೆ ದಿನದ ದುಡಿಮೆಯಾಗಿತ್ತು.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಆಟಿಸಂ ಕೂಡ ಸೇರಿದೆ ಎಂದು ತಿಳಿಸಲು, ಅದಕ್ಕಿಂತ ಹೆಚ್ಚಾಗಿ ತಪ್ಪೊಪ್ಪಿಕೊಳ್ಳಲು, ಅವರ ಮನೆಗೆ ಹೋದೆ. ತಾಯಿ ಈಗ ಮಗಳು ಬರುವುದರೊಳಗೆ ರೊಟ್ಟಿ ಮುಗಿಸುತ್ತಾಳೆ. ಬಂದವಳನ್ನು ಒಂದು ತಾಸು ಯಾರೂ ಮಾತಾಡಿಸುವುದಿಲ್ಲ. ಚೀರಾಟ ಎಷ್ಟೋ ಕಡಿಮೆಯಾಗಿದೆ.

ಹುಡುಗಿ ನನ್ನ ಕುಂಕುಮ ನೋಡುತ್ತ ಹೇಳಿದಳು: “ಅಕ್ಕಾರ, ಸಾಲ್ಯಾಗ ನಗೂದ ಭಾಳ ತ್ರಾಸ ಆಗತಿತ್ರಿ.”

“ಇನ್ನ ನಗಬ್ಯಾಡ ಬಿಡವಾ” ಎಂದೆ.

ಅವಳು ನಗಲಿಲ್ಲ. ನನಗೆ ಸಮಾಧಾನವಾಯಿತು.