ಮಸ್ಕಿಯ ನೇರಳೆ ಮಣಿ

ರಾಯಚೂರು ಜಿಲ್ಲೆಯ ಲಿಂಗಸುಗೂರಿನಿಂದ ಸಿಂಧನೂರಿಗೆ ಹೋಗುವ ಹಾದಿಯ ನಡುವೆ ಮಸ್ಕಿ ಎಂಬ ಊರಿರುವುದು. ಸಿಂಧನೂರಿನ ಕಡೆಯಿಂದ ಬರುವವರಿಗೆ ತುಂಗಭದ್ರೆಯ ಎಡದಂಡೆ ಕಾಲುವೆಯ ನೀರುಂಡು ಬೆಳೆದ ಬತ್ತದ ಗದ್ದೆಗಳು ಕಣ್ಣಿಗೆ ತಂಪನ್ನೀಯುವುವು. ಮಸ್ಕಿಯನ್ನು ಸಮೀಪಿಸಿದಂತೆಲ್ಲ ನೋಟವು ಮಾರ್ಪಡುವುದು. ಬಂಡೆಗಳನ್ನು ಒಂದರ ಮೇಲೊಂದು ಪೇರಿಸಿಟ್ಟಂತಿರುವ ಬೋಳುಗುಡ್ಡಗಳು ತಲೆಯೆತ್ತುವುವು. ಅವುಗಳ ಬುಡದಲ್ಲಿ ಹಳ್ಳವೊಂದು ಹರಿಯುವುದು. ನೋಡುವುದಕ್ಕೆ ಬಡನೆಲ, ಆದರೆ ಪೂರ್ವಕಾಲದವರ ಪಾಲಿಗೆ ಇದು ಹೊನ್ನಿನ ಸೀಮೆಯೂ ಮಣಿಗಳ ಸೀಮೆಯೂ ಆಗಿದ್ದಿತು.

ಹೊನ್ನಿನ ಮಾತು ಎಲ್ಲರಿಗೂ ತಿಳಿದುದೇ. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯ ಗಣಿಯಲ್ಲಿ ಇಂದಿಗೂ ಚಿನ್ನವನ್ನು ತೆಗೆಯುತ್ತಿರುವರು. ಅಲ್ಲಿಯೇ ಸುಮಾರು ಎರಡು ಸಾವಿರ ವರ್ಷಗಳ ಹಿಂದಿನ ಜನರು 600 ಅಡಿಗಳಷ್ಟು ಆಳಕ್ಕೆ ಬಂಡೆಯನ್ನು ಕೊರೆದು ಇಳಿದಿದ್ದರೆಂದರೆ ಅವರ ಸಾಹಸವನ್ನು ಏನೆಂದು ಹೇಳೋಣ! ಮಸ್ಕಿಯ ಅಶೋಕ ಶಾಸನವು ಬೆಳಕಿಗೆ ಬಂದುದೂ ಚಿನ್ನದ ದೆಸೆಯಿಂದಲೇ. 1915ರಲ್ಲಿ ಚಿನ್ನದ ಗಣಿಗಳ ಎಂಜಿನಿಯರಾಗಿದ್ದ ಸಿ. ಬೀಡನ್ ಎಂಬವರು ಗುಡ್ಡದ ಬಂಡೆಯೊಂದರ ಮೇಲೆ ಈ ಬರಹವನ್ನು ಕಂಡರು. ಅದುವರೆಗೆ ದೊರೆತಿದ್ದ ಧರ್ಮಲಿಪಿಗಳಲ್ಲಿ ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂಬ ಬಿರುದುಗಳು ಮಾತ್ರವೇ ಇದ್ದುವು. ಅಶೋಕನೆಂಬ ಹೆಸರು ಮೊದಲಿಗೆ ಓದಸಿಕ್ಕಿದುದು ಈ ಕಲ್ಲಿನಲ್ಲಿ.

ಮಣಿಗಳ ಮಾತು ಅಷ್ಟು ಪ್ರಸಿದ್ಧವಲ್ಲ. ಈ ಸೀಮೆಯಲ್ಲಿ ದೊರೆಯುವ ಕಲ್ಲುಗಳಲ್ಲಿ ಅಮೆಥಿಸ್ಟ್ ಎಂಬುದು ಒಂದು. ಇದು ಬೇರೆ ಯಾವುದೋ ಅಪೂರ್ವ ವಸ್ತುವಲ್ಲ. ಹೊಲದಲ್ಲಿ ನೇಗಿಲಿಗೆ ಸಿಕ್ಕುವ ಬಿಳಿಯ ಬೆಣಚುಕಲ್ಲಿನ ಒಡಹುಟ್ಟು. ಬೆಣಚಿನ ಪೊಟರೆಗಳಲ್ಲಿ ಹರಳು ಮೂಡುವಾಗ ಅದರೊಳಗೆ ಕಬ್ಬಿಣದ ಅಂಶವು ಕಿಂಚಿತ್ತು ಸೇರಿ, ಸುತ್ತಲಿನ ಶಿಲೆಗಳಿಂದ ಹೊಮ್ಮುವ ಅಗೋಚರ ಕಿರಣಗಳು ಯುಗಯುಗಗಳ ಕಾಲ ಅದಕ್ಕೆ ತಗುಲಿದರೆ, ಆ ಹರಳು ನೇರಳೆಹಣ್ಣಿನ ಬಣ್ಣವನ್ನು ತಳೆಯುವುದು. ಹೀಗೆ ಹುಟ್ಟಿದ ಬಣ್ಣವು ಬೆಂಕಿಗೆ ನಿಲ್ಲದು. ಕಾಸಿದರೆ ಹಳದಿಗೆ ತಿರುಗುವುದು. ಬಹುಕಾಲ ಬಿಸಿಲಿಗಿಟ್ಟರೂ ಕೆಲವು ಹರಳುಗಳು ಮಂಕಾಗುವುವು. ಆದುದರಿಂದ ಇಂತಹ ಕಲ್ಲುಳ್ಳ ಒಡವೆಯನ್ನು ಬೆಸುಗೆಗೆ ಕೊಡುವಾಗ ಕಲ್ಲನ್ನು ಬಿಡಿಸಿದ ಬಳಿಕವೇ ಬೆಂಕಿಗೆ ಹಿಡಿಯುವಂತೆ ಅಕ್ಕಸಾಲಿಗನಿಗೆ ಹೇಳುವುದು ಲೇಸು.

ಪ್ರಾಚೀನರು ಈ ಗಡಸು ಕಲ್ಲನ್ನು ಮಣಿಯಾಗಿಸಿದ ಬಗೆಯು ತಾಳ್ಮೆಗೆ ಒಂದು ಪಾಠವೇ ಸರಿ. ಮೊದಲು ಕಲ್ಲನ್ನು ಚಕ್ಕೆಯೆಬ್ಬಿಸಿ ಬೇಕಾದ ಆಕಾರಕ್ಕೆ ತರಬೇಕು. ಆಮೇಲೆ ಅರೆಗಲ್ಲಿನ ಮೇಲೆ ನೀರು ಹಾಕಿ ಉಜ್ಜಿ ನುಣುಪು ಮಾಡಬೇಕು. ತೂತು ಕೊರೆಯುವುದು ಎಲ್ಲಕ್ಕಿಂತ ಕಷ್ಟದ ಕೆಲಸ. ಒಂದೇ ಕಡೆಯಿಂದ ಕೊರೆದರೆ ಇನ್ನೊಂದು ಕಡೆ ಸಿಡಿದೀತೆಂದು ಎರಡು ತುದಿಗಳಿಂದಲೂ ಕೊರೆದು ನಡುವೆ ಕೂಡಿಸುತ್ತಿದ್ದರು. ಹಳೆಯ ಮಣಿಯನ್ನು ಬೆಳಕಿಗೆ ಹಿಡಿದರೆ ಆ ಎರಡು ರಂಧ್ರಗಳು ಕೂಡುವ ಎಡೆಯಲ್ಲಿ ಕೂದಲೆಳೆಯಷ್ಟು ಸೊಟ್ಟವು ಒಮ್ಮೊಮ್ಮೆ ಕಾಣುವುದು. ಹೆಸರುಳಿಯದ ಕುಶಲಿಯೊಬ್ಬನ ಕೈ ಅಲ್ಲಿ ಇನ್ನೂ ಇದ್ದಂತೆಯೇ ತೋರುವುದು.

ಮಸ್ಕಿಯ ಪುರಾತನ ನೆಲೆಯನ್ನು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಅವರು ಗುರುತಿಸಿದ್ದರು. ಬಳಿಕ ಹೈದರಾಬಾದ್ ಸಂಸ್ಥಾನದ ಪ್ರಾಕ್ತನ ಇಲಾಖೆಯವರೂ, 1954ರಲ್ಲಿ ಬಿ. ಕೆ. ಥಾಪರ್ ಅವರೂ ಇಲ್ಲಿ ಅಗೆದು ಶೋಧಿಸಿದರು. ನವಶಿಲಾಯುಗದ ಜನ, ಬೃಹತ್ ಶಿಲಾಸಮಾಧಿಗಳ ಜನ, ಶಾತವಾಹನರ ಕಾಲದ ಜನ, ಹೀಗೆ ಒಬ್ಬರಾದ ಮೇಲೊಬ್ಬರು ಇಲ್ಲಿ ಬಾಳಿದುದು ಮಣ್ಣಿನ ಪದರುಗಳಿಂದ ತಿಳಿದುಬಂದಿತು. ಆ ಪದರುಗಳಲ್ಲಿ ದೊರೆತ ಬಗೆಬಗೆಯ ಮಣಿಗಳಲ್ಲಿ ಅಮೆಥಿಸ್ಟಿನವೂ ಉಂಟು.

ಒಂದನೆಯ ಶತಮಾನದ ರೋಮಿನ ಗ್ರಂಥಕಾರ ಪ್ಲಿನಿಯು ಅಮೆಥಿಸ್ಟುಗಳಲ್ಲಿ ಭಾರತದವೇ ಅಗ್ರಗಣ್ಯವೆಂದು ಬರೆದಿರುವನು. ಅವು ನಮ್ಮ ನಾಡಿನ ಯಾವ ಗುಡ್ಡದಿಂದ ಹೋದುವು? ಇದನ್ನು ನಿರ್ಣಯಿಸಬೇಕಾದರೆ ಮಣಿಯೊಂದೇ ಸಾಲದು. ಅದು ಸಿಕ್ಕಿದ ಸ್ಥಳ, ಆಳ, ಅದರ ಜೊತೆಗಿದ್ದ ಮಡಕೆಯ ಚೂರು, ಇವೆಲ್ಲವೂ ಸಾಕ್ಷಿ ನುಡಿಯಬೇಕು.

ಈ ಲೇಖನದ ಮುಖ್ಯಾಭಿಪ್ರಾಯವೂ ಇದೇ. ಮಳೆ ಸುರಿದು ನಿಂತ ಬಳಿಕ ಹಳೆಯ ದಿಬ್ಬಗಳ ಮೇಲೆ ಮಣಿಗಳು ಮಿನುಗುವುದುಂಟು. ಮಕ್ಕಳು ಆಯುವರು, ಹವ್ಯಾಸಿಗಳು ಜೇಬಿಗಿಳಿಸುವರು, ವ್ಯಾಪಾರಿಗಳು ಕೊಳ್ಳುವರು. ಹೀಗೆ ಊರುಬಿಟ್ಟ ಮಣಿಯು ಪೇಟೆಯಲ್ಲಿ ಎಷ್ಟು ಬಾಳೀತು? ಒಂದು ಕಾಲದಲ್ಲಿ ಮಾಣಿಕ್ಯದ ಸಾಲಿನಲ್ಲಿ ಕುಳಿತಿದ್ದ ಅಮೆಥಿಸ್ಟ್, ಬ್ರೆಜಿಲ್ ದೇಶದಲ್ಲಿ ಹೇರಳವಾಗಿ ದೊರೆತ ಮೇಲೆ ಅಗ್ಗವಾಯಿತು. ಈಗಂತೂ ಕಾರ್ಖಾನೆಯಲ್ಲಿಯೇ ಅದನ್ನು ಬೆಳೆಸುತ್ತಿರುವರು. ಅಂತಹ ಅಲ್ಪಲಾಭಕ್ಕಾಗಿ ಮಸ್ಕಿಯು ತನ್ನ ಚರಿತ್ರೆಯ ಒಂದು ಅಕ್ಷರವನ್ನು ಕಳೆದುಕೊಳ್ಳುವುದು. ಶಾಸನದ ಬಂಡೆಯನ್ನು ಒಡೆದು ಗೋಡೆಗಿಟ್ಟಿದ್ದರೆ ಆಗುತ್ತಿದ್ದ ನಷ್ಟಕ್ಕೂ ಇದಕ್ಕೂ ಪ್ರಮಾಣದಲ್ಲಿ ಮಾತ್ರವೇ ಭೇದ.

ಹಾಗೆಂದು ಕಲ್ಲುಗಳನ್ನು ಸಂಗ್ರಹಿಸುವ ಹವ್ಯಾಸವು ಕೆಟ್ಟುದಲ್ಲ. ಮಕ್ಕಳಿಗೆ ಅದು ಪ್ರಕೃತಿಯ ಪಾಠಶಾಲೆ. ಆದರೆ ಪ್ರಕೃತಿಯ ಹರಳು ಬೇರೆ, ಮನುಷ್ಯನು ತೂತು ಕೊರೆದ ಮಣಿ ಬೇರೆ. ಹರಳನ್ನು ಭೂಮಿಯ ಒಡೆಯರ ಅನುಮತಿಯಿಂದ ತಂದು, ಸಿಕ್ಕಿದ ಊರು, ಹೊಲ, ದಿನಾಂಕಗಳನ್ನು ಚೀಟಿಯಲ್ಲಿ ಬರೆದು ಜೊತೆಗಿಡಬೇಕು. ಚೀಟಿಯಿಲ್ಲದ ಹರಳು ವಿಳಾಸವಿಲ್ಲದ ಕಾಗದದಂತೆ. ಮಣಿಯನ್ನಾದರೋ ಇದ್ದಲ್ಲಿಯೇ ಬಿಟ್ಟು ಪ್ರಾಚ್ಯವಸ್ತು ಇಲಾಖೆಗೆ ತಿಳಿಸುವುದು ಯೋಗ್ಯ. ನೂರು ವರ್ಷಕ್ಕೆ ಮೇಲ್ಪಟ್ಟ ಇಂತಹ ವಸ್ತುಗಳು 1972ರ ಕಾಯಿದೆಯ ಪ್ರಕಾರ ಪುರಾವಸ್ತುಗಳೆನಿಸುವುವು. ಅವನ್ನು ಖಾಸಗಿಯವರು ಹೊರದೇಶಕ್ಕೆ ಸಾಗಿಸುವುದು ಅಪರಾಧ.

ಮಸ್ಕಿಗೆ ಹೋಗುವ ವಾಚಕರು ಗುಡ್ಡದ ಬಂಡೆಯ ಬರಹವನ್ನು ತಪ್ಪದೆ ನೋಡಲಿ. ಇಳಿದು ಬರುವಾಗ ಕಾಲ ಬಳಿಯ ಮಣ್ಣಿನಲ್ಲಿ ನೇರಳೆಯ ಹೊಳಪೊಂದು ಕಂಡರೆ, ಬಗ್ಗಿ ಕಣ್ತುಂಬ ನೋಡಿ, ಮಕ್ಕಳಿಗೂ ತೋರಿಸಿ, ಅಲ್ಲಿಯೇ ಬಿಟ್ಟು ಬರಲಿ. ಪೆಟ್ಟಿಗೆಯೊಳಗೆ ಅದು ಬರಿಯ ಒಂದು ಕಲ್ಲು. ಮಸ್ಕಿಯ ಮಣ್ಣಿನಲ್ಲಿ ಅದು ನಮ್ಮ ಹಿರಿಯರ ಮಾತು.