ಇಟ್ಟಿಗೆ ಹಿಡಿದ ಕೈ, ಹುಟ್ಟು ಹಿಡಿದ ಕೈ

ಹಾಲಿವುಡ್ ತಾರೆ ಗ್ರೇಸ್ ಕೆಲಿಯ ಹೆಸರು ನಮ್ಮಲ್ಲಿ ಅನೇಕರಿಗೆ ಗೊತ್ತು. 1956ರಲ್ಲಿ ಮೊನಾಕೊದ ದೊರೆ ರೇನಿಯರ್‌ನನ್ನು ಮದುವೆಯಾಗಿ ಅರಮನೆ ಸೇರಿದವಳು ಆಕೆ. ಆದರೆ ಅವಳ ತಂದೆ ಜಾನ್ ಬಿ. ಕೆಲಿ ಗಾರೆ ಕೆಲಸದಿಂದ ಮೇಲೆ ಬಂದವನು, ದೋಣಿ ಸ್ಪರ್ಧೆಯಲ್ಲಿ ಮೂರು ಒಲಿಂಪಿಕ್ ಚಿನ್ನ ಗೆದ್ದವನು ಎಂಬುದು ಗೊತ್ತಿರುವವರು ಕಡಿಮೆ. ವಿಜ್ಞಾನದ ಮೇಷ್ಟ್ರಾದ ನನಗೆ ಮಗಳಿಗಿಂತ ಈ ಅಪ್ಪನ ಬದುಕೇ ಹೆಚ್ಚು ಹಿಡಿಸಿದೆ.

ಕೆಲಿ ಹುಟ್ಟಿದ್ದು 1889ರಲ್ಲಿ, ಅಮೆರಿಕದ ಫಿಲಡೆಲ್ಫಿಯಾದಲ್ಲಿ. ಐರ್ಲೆಂಡಿನಿಂದ ವಲಸೆ ಬಂದ ಬಡ ದಂಪತಿಯ ಹತ್ತು ಮಕ್ಕಳಲ್ಲಿ ಒಬ್ಬ. ಹಗಲು ಕರಣೆ ಹಿಡಿದು ಗೋಡೆ ಕಟ್ಟುತ್ತಿದ್ದ, ಬಿಡುವಾದಾಗ ಊರ ಪಕ್ಕದ ಸ್ಕೂಲ್‌ಕಿಲ್ ನದಿಯಲ್ಲಿ ದೋಣಿಗೆ ಹುಟ್ಟು ಹಾಕುತ್ತಿದ್ದ. 1920ರ ಹೊತ್ತಿಗೆ ಒಂಟಿ ದೋಣಿಯ ಓಟದಲ್ಲಿ ಅಮೆರಿಕದಲ್ಲಿ ಅವನಿಗೆ ಸರಿಸಾಟಿ ಇರಲಿಲ್ಲ. ಇಂಗ್ಲೆಂಡಿನ ಥೇಮ್ಸ್ ನದಿಯಲ್ಲಿ ನಡೆಯುವ ಹೆನ್ಲಿ ಸ್ಪರ್ಧೆಯ ‘ಡೈಮಂಡ್ ಸ್ಕಲ್ಸ್’ ಗೆಲ್ಲಬೇಕೆಂಬುದು ಅವನ ಆಸೆ.

ಹೆನ್ಲಿಯವರು ಅರ್ಜಿಯನ್ನೇ ತಿರಸ್ಕರಿಸಿದರು. ಅದಕ್ಕೆ ಎರಡು ಕಾರಣಗಳಿದ್ದವು. ಮೊದಲನೆಯದು, ಅವನ ವೆಸ್ಪರ್ ಕ್ಲಬ್ಬಿನ ತಂಡ 1905ರಲ್ಲಿ ಸಾರ್ವಜನಿಕರ ಚಂದಾ ಹಣದಲ್ಲಿ ಇಂಗ್ಲೆಂಡಿಗೆ ಬಂದಿತ್ತೆಂದು ಆ ಕ್ಲಬ್ಬಿಗೇ ನಿಷೇಧ ಹಾಕಿದ್ದರು. ಎರಡನೆಯದು, ಕೂಲಿಗಾಗಿ ಮೈ ಬಗ್ಗಿಸಿ ದುಡಿದವನು ಅಲ್ಲಿನ ನಿಯಮದ ಪ್ರಕಾರ ಹವ್ಯಾಸಿ ಆಟಗಾರನೇ ಅಲ್ಲ! ಮೈ ದುಡಿಮೆಯಿಂದ ತೋಳು ಗಟ್ಟಿಯಾಗುತ್ತದೆ, ಅದು ‘ಸಭ್ಯ’ರಿಗೆ ಮಾಡುವ ಅನ್ಯಾಯ ಎಂಬುದು ಆ ಕಾಲದಲ್ಲಿ ಕೊಡುತ್ತಿದ್ದ ಸಮರ್ಥನೆ.

ಈ ವಾದದಲ್ಲಿ ವಿಜ್ಞಾನ ಎಷ್ಟಿದೆ ನೋಡೋಣ. ಹುಟ್ಟು ಒಂದು ಸನ್ನೆ. ನೀರು ಅದಕ್ಕೆ ಆಧಾರ, ದೋಣಿ ಭಾರ, ಕೈ ಬಲ ಎಂದು ನಾವು ತರಗತಿಯಲ್ಲಿ ಬೋರ್ಡಿನ ಮೇಲೆ ಬರೆಯುತ್ತೇವೆ. ಆದರೆ ಓಟದ ದೋಣಿಯಲ್ಲಿ ಆಸನ ಹಿಂದೆ ಮುಂದೆ ಜಾರುತ್ತದೆ. ಹೀಗಾಗಿ ಬಲದ ಹೆಚ್ಚಿನ ಪಾಲು ಬರುವುದು ಕಾಲಿನಿಂದ. ಬೆನ್ನು, ತೋಳು ಆಮೇಲೆ. ವೇಗ ಹೆಚ್ಚಿದಂತೆ ನೀರಿನ ಎಳೆತ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ, ಬೇಕಾಗುವ ಸಾಮರ್ಥ್ಯ ಘನಕ್ಕೆ ತಕ್ಕಂತೆ. ಎಂದರೆ ವೇಗವನ್ನು ಹತ್ತರಲ್ಲಿ ಒಂದು ಪಾಲು ಹೆಚ್ಚಿಸಲು ಮೂರರಲ್ಲಿ ಒಂದು ಪಾಲು ಹೆಚ್ಚು ಸಾಮರ್ಥ್ಯ ಬೇಕು. ಇಟ್ಟಿಗೆ ಹೊತ್ತ ಮಾತ್ರಕ್ಕೆ ಇದು ಬರುವುದಿಲ್ಲ. ವರ್ಷಗಟ್ಟಲೆ ನೀರಿನ ಮೇಲೆಯೇ ಬೆವರು ಸುರಿಸಬೇಕು.

ಕೆಲಿ ಅದೇ ವರ್ಷ ಬೆಲ್ಜಿಯಂನ ಆಂಟ್‌ವರ್ಪ್ ಒಲಿಂಪಿಕ್ಸಿಗೆ ಹೋದ. ಅಂತಿಮ ಸುತ್ತಿನಲ್ಲಿ ಎದುರಾಳಿಯಾಗಿ ಸಿಕ್ಕವನು ಆ ಸಲದ ಹೆನ್ಲಿ ವಿಜೇತ ಜಾಕ್ ಬೆರೆಸ್‌ಫರ್ಡ್. ಕೆಲಿ 7 ನಿಮಿಷ 35 ಸೆಕೆಂಡಿನಲ್ಲಿ ಗುರಿ ಮುಟ್ಟಿದ, ಬೆರೆಸ್‌ಫರ್ಡ್ ಒಂದೇ ಸೆಕೆಂಡ್ ಹಿಂದೆ. ಎರಡು ಸಾವಿರ ಮೀಟರ್ ದೂರದಲ್ಲಿ ಆ ಒಂದು ಸೆಕೆಂಡ್ ಎಂದರೆ ಸುಮಾರು ನಾಲ್ಕೂವರೆ ಮೀಟರ್, ಹತ್ತಿರ ಹತ್ತಿರ ಅರ್ಧ ದೋಣಿಯ ಉದ್ದ. ಅರ್ಧ ಗಂಟೆಯ ಆಸುಪಾಸಿನಲ್ಲಿ ಮತ್ತೆ ನೀರಿಗಿಳಿದು, ದಾಯಾದಿ ಪಾಲ್ ಕಾಸ್ಟೆಲೊ ಜೊತೆ ಜೋಡಿ ದೋಣಿಯ ಚಿನ್ನವನ್ನೂ ಗೆದ್ದ. 1924ರಲ್ಲಿ ಪ್ಯಾರಿಸ್ಸಿನಲ್ಲಿ ಅದೇ ಜೋಡಿ ಮತ್ತೆ ಗೆದ್ದಿತು.

ನಮ್ಮ ಶಾಲೆಯ ದಾಖಲಾತಿ ಪುಸ್ತಕದಲ್ಲಿ ‘ತಂದೆಯ ಉದ್ಯೋಗ’ ಎಂಬ ಒಂದು ಕಲಂ ಇದೆ. ಅದನ್ನು ತುಂಬುವಾಗ ‘ಗಾರೆ ಕೆಲಸ ಸಾರ್’ ಎನ್ನುವ ಹುಡುಗನ ದನಿ ಒಂದಿಷ್ಟು ತಗ್ಗುತ್ತದೆ. ‘ಬ್ಯಾಂಕ್ ಆಫೀಸರ್’ ಎನ್ನುವ ಹುಡುಗನ ದನಿ ತಗ್ಗುವುದಿಲ್ಲ. ರಸಮಟ್ಟದ ಗುಳ್ಳೆ ಎಲ್ಲಿ ನಿಲ್ಲಬೇಕೆಂಬುದು ಆ ಅಪ್ಪನಿಗೆ ಚೆನ್ನಾಗಿ ಗೊತ್ತು. ಆದರೂ ಆ ದನಿ ತಗ್ಗುವುದನ್ನು ಮೂವತ್ತು ವರ್ಷಗಳಿಂದ ಕೇಳುತ್ತಿದ್ದೇನೆ. ಹೆನ್ಲಿಯ ನಿಯಮ ಹೆನ್ಲಿಯಲ್ಲಿ ಮಾತ್ರ ಇರಲಿಲ್ಲ!

ಕೆಲಿಯ ಮುಂದಿನ ಬದುಕು ಏರುದಾರಿಯದು. ಅಣ್ಣಂದಿರು ಕೊಟ್ಟ ಹಣದಿಂದ ಶುರು ಮಾಡಿದ ಇಟ್ಟಿಗೆ ಗುತ್ತಿಗೆ ಅವನನ್ನು ಕೋಟ್ಯಧೀಶನನ್ನಾಗಿಸಿತು. ಆ ಅಣ್ಣಂದಿರಲ್ಲಿ ಒಬ್ಬ, ಜಾರ್ಜ್ ಕೆಲಿ, 1926ರಲ್ಲಿ ಪುಲಿಟ್ಜರ್ ಪ್ರಶಸ್ತಿ ಪಡೆದ ನಾಟಕಕಾರ. ಡೆಮಾಕ್ರಾಟಿಕ್ ಪಕ್ಷದ ನಾಯಕನಾಗಿ ಕೆಲಿ 1935ರಲ್ಲಿ ಫಿಲಡೆಲ್ಫಿಯಾದ ಮೇಯರ್ ಚುನಾವಣೆಗೆ ನಿಂತು ಸೋತ. ಎರಡನೆಯ ಮಹಾಯುದ್ಧದ ಕಾಲದಲ್ಲಿ ರೂಸ್‌ವೆಲ್ಟ್ ಸರ್ಕಾರ ಜನರ ದೈಹಿಕ ಕ್ಷಮತೆಯ ಕಾರ್ಯಕ್ರಮದ ಹೊಣೆಯನ್ನು ಅವನಿಗೆ ವಹಿಸಿತು. ಇತ್ತ ಹೆನ್ಲಿಯವರು 1936ರಲ್ಲಿ ಪೊಲೀಸರೇ ತುಂಬಿದ್ದ ಆಸ್ಟ್ರೇಲಿಯಾ ತಂಡವನ್ನೂ ಹೊರಗಿಟ್ಟು ಟೀಕೆಗೆ ಗುರಿಯಾದರು. ಮರುವರ್ಷ ಆ ನಿಯಮವನ್ನೇ ಕಿತ್ತುಹಾಕಿದರು.

ಕೆಲಿಯ ಹಟ ಮಾತ್ರ ಹೋಗಲಿಲ್ಲ. ಮಗ ಜಾಕ್‌ನನ್ನು ಚಿಕ್ಕಂದಿನಿಂದಲೇ ಹೆನ್ಲಿಗೆಂದು ತಯಾರು ಮಾಡಿದ. 1946ರಲ್ಲಿ ಸೋತ ಮಗ 1947ರಲ್ಲಿ ಡೈಮಂಡ್ ಸ್ಕಲ್ಸ್ ಗೆದ್ದ, 1949ರಲ್ಲಿ ಮತ್ತೊಮ್ಮೆ ಗೆದ್ದ. ಹೆನ್ಲಿಯಲ್ಲಿ ಈಗ ಮಹಿಳೆಯರ ನಾಲ್ವರ ಸ್ಪರ್ಧೆಯ ಕಪ್ಪಿಗೆ ಇರುವುದು ಗ್ರೇಸ್ ಹೆಸರು. ಇದಕ್ಕಿಂತ ಮಿಗಿಲಾದ ಉತ್ತರ ಇನ್ನೇನು ಬೇಕು, ಅಲ್ಲವೇ?

ಆದರೆ ಮೇಷ್ಟ್ರ ಕಣ್ಣಿಗೆ ಇನ್ನೊಂದೂ ಕಾಣುತ್ತದೆ. ಜಾಕ್ ನಾಲ್ಕು ಒಲಿಂಪಿಕ್ಸ್‌ಗಳಲ್ಲಿ ಹುಟ್ಟು ಹಾಕಿ ಗೆದ್ದದ್ದು ಒಂದು ಕಂಚು, 1956ರಲ್ಲಿ. ತಂದೆ 1960ರಲ್ಲಿ ತೀರಿಕೊಂಡ ಮೇಲೂ ಮಗ ನದಿಯನ್ನು ಬಿಡಲಿಲ್ಲ. 1985ರಲ್ಲಿ ಅಮೆರಿಕದ ಒಲಿಂಪಿಕ್ ಸಮಿತಿಯ ಅಧ್ಯಕ್ಷನಾದ ಕೆಲವೇ ವಾರಗಳಲ್ಲಿ, ಬೆಳಗಿನ ದೋಣಿ ವ್ಯಾಯಾಮ ಮುಗಿಸಿ ಹೋಗುವಾಗ ಕುಸಿದು ಸತ್ತ. ಆಗ ಅವನಿಗೆ 57 ವರ್ಷ.

ತಮಗೆ ಸಿಗದ ಸೀಟು ಮಗನಿಗೆ ಸಿಗಲೇಬೇಕೆಂದು ಬರುವ ತಂದೆಯರನ್ನು ನಾನು ಪ್ರತಿ ವರ್ಷ ನೋಡುತ್ತೇನೆ. ಅವರ ನೋವು ಸುಳ್ಳಲ್ಲ. ಅಪ್ಪನಿಗಾದ ಅವಮಾನ ಮಗನಿಗೆ ಛಲ ಕೊಡಬಹುದು, ಅಪ್ಪನ ಬಾಕಿ ತೀರಿಸುವುದರಲ್ಲೇ ಮಗನ ಆಯುಷ್ಯವೂ ಮುಗಿಯಬಹುದು. ಕೆಲಿಯ ಕೈಗೆ ನಮಸ್ಕಾರ ಮಾಡುವ ನಾನು, ಆ ತಂದೆಯರಿಗೆ ಹೇಳುವುದಿಷ್ಟೇ: ನಿಮ್ಮ ಕಸುಬಿನ ಹೆಮ್ಮೆಯನ್ನು ಮಗನಿಗೆ ಕೊಡಿ, ಲೆಕ್ಕದ ಬಾಕಿಯನ್ನು ಕೊಡಬೇಡಿ.